ಮಗಳಿಗೊಂದು ಪತ್ರ: ಎಪಾಕ್ಸಿ ಸುರಿಯುವ ಮೊದಲು

ಪ್ರೀತಿಯ ಪುಟ್ಟಿ,

ಈ ಶನಿವಾರವೇ ಹಲಗೆಗಳ ನಡುವೆ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟುದ್ರವ) ಸುರಿದುಬಿಡುತ್ತೇನೆ ಅಂದೆಯಲ್ಲ, ಒಂದು ವಾರ ತಡೆ. ನಮ್ಮ ಹಿತ್ತಲ ಹಲಸಿನ ಮರದ ಹಲಗೆ ಅದು, ಇನ್ನೊಂದು ಸಿಗುವುದಿಲ್ಲ. ಮೊದಲು ಅಚ್ಚು ಸರಿಯಾಗಲಿ.

20 ವರ್ಷ ಸೆಂಟ್ರಿಂಗ್ ಕೆಲಸ, ಅಂದರೆ ಕಾಂಕ್ರೀಟಿಗೆ ಅಚ್ಚು ಕಟ್ಟುವ ಕೆಲಸ ಮಾಡಿದವನು ನಾನು. ಸಂದಿನಲ್ಲಿ ಸಿಮೆಂಟ್ ಹಾಲು ಇಳಿದರೆ ಕಾಗದ ತುರುಕುತ್ತಿದ್ದೆವು, ಕೆಲವೇ ಗಂಟೆಗಳಲ್ಲಿ ಕಾಂಕ್ರೀಟ್ ಬಿಗಿಯುತ್ತಿತ್ತು. ಅದೇ ಧೈರ್ಯದಲ್ಲಿ ಹೋದ ವರ್ಷ ಅಮ್ಮನ ಟೀಪಾಯಿಗೆ ಅಚ್ಚು ಕಟ್ಟಿದೆ. ಮಲಗುವಾಗ ಒಂದು ಹನಿಯೂ ಇಳಿದಿರಲಿಲ್ಲ. ಬೆಳಿಗ್ಗೆ ನೋಡಿದರೆ ಮೂಲೆಯ ಕೆಳಗೆ ಜೇನಿನಂಥ ಮಡು, ಅಚ್ಚಿನಲ್ಲಿ ಅರ್ಧ ಇಂಚು ಖಾಲಿ. ಅಮ್ಮ ಏನೂ ಅನ್ನಲಿಲ್ಲ. ಆ ಕಲೆ ಇವತ್ತಿಗೂ ನಮ್ಮ ರೆಡ್ ಆಕ್ಸೈಡ್ ನೆಲದ ಮೇಲಿದೆ. ದಪ್ಪ ಪದರಕ್ಕೆಂದು ಬರುವ ಎಪಾಕ್ಸಿ ಒಂದೆರಡು ದಿನ ಹರಿಯುತ್ತಲೇ ಇರುತ್ತದೆ, ಗಟ್ಟಿಯಾಗುವ ಮೊದಲು ಬಿಸಿಯೇರಿ ಇನ್ನಷ್ಟು ತೆಳ್ಳಗಾಗುತ್ತದೆ. ಕೂದಲೆಳೆಯಷ್ಟು ಸಂದು ಸಾಕು ಅದಕ್ಕೆ. ನಿನ್ನ ಹಲಗೆಗಳ ನಡುವಿನ ಜಾಗ 90 ಸೆಂ.ಮೀ. ಉದ್ದ, 15 ಅಗಲ, 4 ಆಳ, ಅಂದರೆ 5.4 ಲೀಟರ್. ನೀನು ಉಳಿಸಿದ ದುಡ್ಡು ಅದು.

ಮೈಕಾ ಅಂಟಿಸಿದ ಹಲಗೆಯಲ್ಲೇ ಅಚ್ಚು ಮಾಡು. ಜೋಡಿಸುವ ಮೊದಲೇ ಒಳಮೈಗೆಲ್ಲ ಕಂದು ಪ್ಯಾಕಿಂಗ್ ಟೇಪ್ ಹಚ್ಚು. ಅದು ಪಾಲಿಪ್ರೊಪಿಲೀನ್, ಎಪಾಕ್ಸಿ ಕಚ್ಚುವುದಿಲ್ಲ. ಸುಕ್ಕು ಬಂದಲ್ಲಿ ಕಿತ್ತು ಮತ್ತೆ ಹಚ್ಚು. ಮೊಳೆ ಬೇಡ, ಸ್ಕ್ರೂ ಹಾಕು, ಬಿಚ್ಚುವಾಗ ಸುತ್ತಿಗೆ ಪೆಟ್ಟು ಬೀಳಬಾರದು.

ಮೂಲೆಗಳಿಗೆ ಮಾತ್ರ ಅವಸರ ಬೇಡ. ಒಳಸಂದಿಗೆ ಸಿಲಿಕಾನ್ ಎಳೆದು, ಸೋಪುನೀರಲ್ಲಿ ಅದ್ದಿದ ಬೆರಳಿನಿಂದ ಒಂದೇ ಎಳೆತಕ್ಕೆ ಸವರು. ನಡುವೆ ಕೈ ನಿಲ್ಲಿಸಿದ ಕಡೆಯೇ ಸೋರುವುದು, ನನ್ನದೂ ಅಲ್ಲೇ ಸೋರಿತು. ಒಂದಿಡೀ ದಿನ ಬಿಡು. ವಿನೆಗರ್ ಥರದ ಹುಳಿ ವಾಸನೆ ಇದ್ದರೆ ಇನ್ನೂ ಒಣಗಿಲ್ಲ ಅಂತಲೇ ತಿಳಿ.

ಮರ ಇಡುವ ಮುಂಚೆ ನೀರು ತುಂಬಿಸಿ, ಕೆಳಗೆ ಹಳೆ ಪೇಪರ್ ಹಾಸಿ ನೋಡು. ಎಲ್ಲಿ ಒದ್ದೆಯಾಯಿತೋ ಅಲ್ಲಿ ಮತ್ತೆ ಸಿಲಿಕಾನ್. ಆಮೇಲೆ ಫ್ಯಾನಿನಡಿ ಪೂರ್ತಿ ಒಣಗಿಸು, ತೇವ ಉಳಿದರೆ ಎಪಾಕ್ಸಿ ಮಬ್ಬಾಗುತ್ತದೆ. ಹಲಸು ತೇಲುತ್ತದೆ, ಮೇಲಿಂದ ಕ್ಲಾಂಪ್ ಹಾಕಿ ಒತ್ತಿಡು. ಗ್ಲೌಸ್ ಮರೆಯಬೇಡ, ಕಿಟಕಿ ತೆರೆದಿರಲಿ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನನ್ನ ರಸಮಟ್ಟ ಹಿಡಿದುಕೊಂಡು. ಅಲ್ಲಿಯವರೆಗೆ ಹಾರ್ಡನರ್ ಡಬ್ಬಿ ತೆರೆಯಬೇಡ. ಸುರಿದ ರಾತ್ರಿ ಅಲ್ಲೇ ಉಳಿಯುತ್ತೇನೆ, ಗಂಟೆಗೊಮ್ಮೆ ಟಾರ್ಚ್ ಹಿಡಿದು ಮೂಲೆಗಳ ಕೆಳಗೆ ನೋಡಬೇಕಲ್ಲ.

ನಿನ್ನ
ಅಪ್ಪ