ಅಧ್ಯಕ್ಷರೇ, ಆಫೀಸ್ ಬಾಗಿಲಲ್ಲಿ ಒಂದು ದೂರಿನ ಬುಕ್ ಇಡ್ಸಿ: ನಮ್ಮ ಪಟ್ಟಣ ಪಂಚಾಯ್ತಿ ಅಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಅಕ್ಕಾ, ನಮಸ್ಕಾರ.

ಮಾನ್ಯ ಅಧ್ಯಕ್ಷರೇ ಅಂತ ಶುರು ಮಾಡ್ಬೇಕಿತ್ತು, ಆದ್ರೆ ಇಷ್ಟು ವರ್ಷದಿಂದ ನಿಮ್ಮನ್ನ ಅಕ್ಕ ಅಂತನೇ ಕರ್ಕೊಂಡು ಬಂದಿರೋದು, ಸಂತೇಲಿ ಸಿಕ್ಕಿದ್ರೂ ಮದುವೆಮನೇಲಿ ಸಿಕ್ಕಿದ್ರೂ ಅಮ್ಮ ಹೆಂಗಿದಾರೆ ಅಂತ ಕೇಳ್ದೆ ನೀವು ಹೋದೋರಲ್ಲ, ಅದಕ್ಕೆ ಹಂಗೇ ಬರೀತಿದೀನಿ. ನನ್ನ ಜೆರಾಕ್ಸ್ ಅಂಗಡಿ ನಿಮ್ಮ ಆಫೀಸಿನ ಎದುರಿಗೇ ಇದೆ, ರಸ್ತೆ ದಾಟಿ ಬಂದು ಇದನ್ನ ಕೈಗೆ ಕೊಡ್ಬೋದಿತ್ತು. ಆದ್ರೆ ಊರೋರೆಲ್ಲ ಓದ್ಲಿ ಅಂತ ಹಿಂಗೆ ಬಹಿರಂಗವಾಗಿ ಬರೀತಿದೀನಿ, ಯಾಕಂದ್ರೆ ಇದು ನಮ್ಮನೆ ಒಂದರ ವಿಷಯ ಅಲ್ಲ.

ಅಮ್ಮ ಬಿದ್ದಿದ್ದು ನಿಮಗೆ ಗೊತ್ತು. ನೋಡೋಕೆ ಬಂದಿದ್ರಿ, ಹಣ್ಣು ತಂದಿದ್ರಿ, ಅರ್ಧ ಗಂಟೆ ಕೂತು ಮಾತಾಡ್ಸಿದ್ರಿ. ಹೆಂಗೆ ಬಿದ್ರು ಅನ್ನೋದನ್ನ ಅವತ್ತು ಪೂರ್ತಿ ಹೇಳ್ಲಿಲ್ಲ, ಮನೆಗೆ ಬಂದೋರ ಹತ್ರ ಅದೇನು ಮಾತು ಅಂತ ಅಮ್ಮನೇ ಕಣ್ಣಲ್ಲಿ ಬೇಡ ಅಂದ್ರು. ಈಗ ಹೇಳ್ತೀನಿ.

ಮಳೆಗಾಲಕ್ಕೆ ಮುಂಚೆ ನಮ್ಮ ಬೀದಿ ಚರಂಡಿ ಕ್ಲೀನ್ ಮಾಡೋಕೆ ಪೌರಕಾರ್ಮಿಕರು ಬಂದ್ರು. ನಮ್ಮನೆ ಮುಂದಿಂದು, ಪಕ್ಕದ ಎರಡು ಮನೆ ಮುಂದಿಂದು, ಚಪ್ಪಡಿ ಕಲ್ಲು ಎತ್ತಿ ಕಾಂಪೌಂಡಿಗೆ ಒರಗಿಸಿದ್ರು, ಮಂಡಿಯುದ್ದ ಹೂಳಿತ್ತು, ಅದನ್ನೆಲ್ಲ ಬಾಂಡ್ಲಿಲಿ ಎತ್ತಿ ಚರಂಡಿ ಅಂಚಲ್ಲೇ ಗುಡ್ಡೆ ಹಾಕಿದ್ರು. ಹಸಿ ಹೂಳು, ನೀರು ಬಸಿದ್ಮೇಲೆ ಟ್ರ್ಯಾಕ್ಟರ್ ಬಂದು ತುಂಬ್ಕೊಂಡು ಹೋಗುತ್ತೆ ಅಂದ್ರು. ಸರಿಯಾದ ಮಾತೇ. ಒಂದಿನ ಆಯ್ತು, ಎರಡು ದಿನ ಆಯ್ತು, ಟ್ರ್ಯಾಕ್ಟರ್ ಬರ್ಲಿಲ್ಲ, ಐದನೇ ದಿನ ಸಾಯಂಕಾಲ ಜೋರು ಮಳೆ ಹುಯ್ದು ಗುಡ್ಡೆಲಿದ್ದ ಹೂಳೆಲ್ಲ ಕರಗಿ ವಾಪಸ್ ಚರಂಡಿಗೇ ಹೋಯ್ತು. ಅವರು ಬೆನ್ನು ಬಗ್ಗಿಸಿ ದುಡಿದಿದ್ದು ಅಷ್ಟೂ ದಂಡ. ಚಪ್ಪಡಿ ಮಾತ್ರ ಕಾಂಪೌಂಡಿಗೆ ಒರಗಿಸಿದ್ದು ಹಂಗೇ ಇತ್ತು, ಯಾಕಂದ್ರೆ ಹೂಳು ಸಾಗಿಸ್ದೆ ಚಪ್ಪಡಿ ಮುಚ್ಚಂಗಿಲ್ಲ ಅಂತ ಅವರಿಗೆ ಹೇಳಿದ್ರಂತೆ. ಬೀದಿ ಮೂರನೇ ಕಂಬದ ಲೈಟು ಅದಕ್ಕೂ ಮುಂಚೆಯಿಂದ ಉರೀತಿರ್ಲಿಲ್ಲ. ಅಮ್ಮ ಬೆಳಿಗ್ಗೆ ಬೆಳಕು ಹರಿಯೋ ಮುಂಚೆ ಹಾಲಿಗೆ ಅಂತ ಹೊರಟೋರು, ನಲವತ್ತು ವರ್ಷದಿಂದ ಕಾಲಿಟ್ಟ ಜಾಗದಲ್ಲೇ ಕಾಲಿಟ್ರು, ಅಲ್ಲಿ ಕಲ್ಲಿರ್ಲಿಲ್ಲ. ಹಾಲಿನ ಸ್ಟೀಲ್ ಕ್ಯಾನು ಚರಂಡಿಗೆ ಬಿದ್ದ ಸದ್ದಿಗೆ ನಾನು ಎದ್ದು ಓಡಿ ಬಂದೆ. ಕಾಲಿನ ಗಿಣ್ಣಿನ ಹತ್ರ ಮೂಳೆ ಬಿರುಕು ಬಿಟ್ಟಿತ್ತು, ಆರು ವಾರ ಕಾಲು ಊರ್‌ಬಾರ್ದು ಅಂದ್ರು.

ಅವತ್ತು ಸಾಯಂಕಾಲಕ್ಕೇ ಇಬ್ಬರು ಬಂದು ಮೂರೂ ಚಪ್ಪಡಿ ಮುಚ್ಚಿ ಹೋದ್ರು ಅಕ್ಕಾ. ಹತ್ತು ನಿಮಿಷ ಹಿಡೀಲಿಲ್ಲ. ಆ ಹತ್ತು ನಿಮಿಷ ನನ್ನ ಮನಸಿಂದ ಇವತ್ತಿಗೂ ಹೋಗಿಲ್ಲ.

ಅದಕ್ಕೆ ಮುಂಚೆ ನಾನು ಸುಮ್ನೆ ಕೂತಿದ್ದೆ ಅಂತಲ್ಲ. ವಾರ್ಡ್ ಮೆಂಬರ್‌ಗೆ ಫೋನ್ ಮಾಡ್ದೆ, ಆಯ್ತಣ್ಣ ಹೇಳ್ತೀನಿ ಅಂದ್ರು, ಹೇಳಿದಾರೆ ಕೂಡ. ಹೆಲ್ತ್ ಇನ್‌ಸ್ಪೆಕ್ಟರ್ ಅಂಗಡಿಗೆ ಜೆರಾಕ್ಸ್‌ಗೆ ಬಂದಾಗ ನಾನೇ ಹೇಳ್ದೆ, ಅವರು ಮೇಸ್ತ್ರಿಗೆ ಹೇಳ್ತೀನಿ ಅಂದ್ರು. ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕ್ದೆ, ನಾಲ್ಕು ಜನ ಕೈ ಮುಗಿಯೋ ಗುರುತು ಹಾಕಿದ್ರು, ಅಷ್ಟರಲ್ಲಿ ಯಾರ್ದೋ ಹುಟ್ಟಿದಬ್ಬ ಬಂತು, ಫೋಟೋ ಮೇಲಕ್ಕೆ ಹೋಯ್ತು. ಅಮ್ಮ ಬಿದ್ಮೇಲೆ ಚಪ್ಪಡಿ ಮುಚ್ಚೋಕೆ ಬಂದ ಪೌರಕಾರ್ಮಿಕರಲ್ಲಿ ಒಬ್ಬಾಕೆ ನಮ್ಮಮ್ಮನ ಕಾಲು ನೋಡಿ ಅಳೋಕೇ ಶುರು ಮಾಡಿದ್ರು, ನಮಗೆ ಯಾರೂ ಹೇಳ್ಲಿಲ್ಲ ಸಾರ್, ನಮ್ಮನ್ನ ಮಾರನೇ ದಿನಕ್ಕೇ ಬೇರೆ ವಾರ್ಡಿಗೆ ಹಾಕಿದ್ರು ಅಂದ್ರು. ನಾನು ಅವರ ಮಾತು ನಂಬ್ತೀನಿ. ಎಲ್ಲರ ಮಾತೂ ನಂಬ್ತೀನಿ. ಯಾರೂ ಸುಳ್ಳು ಹೇಳ್ಲಿಲ್ಲ, ಯಾರೂ ಆಗಲ್ಲ ಅನ್ಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗಿ ಹೋಗಿ ದಾರೀಲಿ ಎಲ್ಲೋ ಮಾತು ಬಿದ್ದೋಯ್ತು, ಎಲ್ಲಿ ಬಿತ್ತು ಅಂತ ಹುಡುಕೋಣ ಅಂದ್ರೆ ಎಲ್ಲೂ ಒಂದಕ್ಷರ ಬರೆದಿಟ್ಟಿಲ್ಲ.

ನನ್ನ ಅಂಗಡೀಲಿ ಕೂತ್ರೆ ಇದು ದಿನಾ ಕಾಣುತ್ತೆ. ಅರ್ಜಿ ಕೊಡೋಕೆ ಬಂದೋರಿಗೆಲ್ಲ ನಾನು ಎರಡು ಕಾಪಿ ಮಾಡ್ಸಿ, ಒಂದಕ್ಕೆ ಸೀಲು ಸೈನು ಹಾಕ್ಸ್ಕೊಂಡು ಮನೇಲಿ ಇಟ್ಕೊಳ್ಳಿ ಅಂತೀನಿ. ಸುಮಾರು ಜನ ಸೀಲ್ ಇಲ್ದೇನೇ ಎರಡನೇ ಕಾಪಿ ಹಿಡ್ಕೊಂಡು ವಾಪಸ್ ಬರ್ತಾರೆ. ಸೀಲ್ ಹಾಕೋರು ಊಟಕ್ಕೆ ಹೋಗಿದಾರಂತೆ, ಇಲ್ಲಾ ಸೀಲ್ ಬೇಡ ಬಿಡಿ ಮಾಡ್ಕೊಡ್ತೀವಿ ಅಂದ್ರಂತೆ. ಮಾಡ್ಕೊಡ್ತೀವಿ ಅಂದ್ಮೇಲೆ ಸೀಲ್ ಕೇಳೋದು ಅವರಿಗೆ ಅವಮಾನ ಮಾಡ್ದಂಗೆ ಅಂತ ನಮ್ಮ ಜನಕ್ಕೆ ಸಂಕೋಚ. ಅದೇ, ಜನನ ಪ್ರಮಾಣಪತ್ರಕ್ಕೆ ಬಂದೋರ ಕೈಲಿ ಸರ್ಕಾರದ ಸಕಾಲ ಯೋಜನೆ ನಂಬರ್ ಇರೋ ಚೀಟಿ ಇರುತ್ತೆ. 2012ರಲ್ಲಿ ಸಕಾಲ ಶುರು ಆದಾಗಿಂದ ಆ ಚೀಟಿ ನೋಡ್ತಿದೀನಿ, ಇಷ್ಟು ದಿನದೊಳಗೆ ಕೊಡ್ಬೇಕು, ತಡ ಆದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿವರ್ಗೂ ಪರಿಹಾರ ಕೇಳ್ಬೋದು ಅಂತ ಕಾನೂನಿದೆ. ಆ 20 ರೂಪಾಯಿ ಯಾರಿಗೂ ಬೇಕಾಗಿಲ್ಲ, ನಂಬರ್ ಇದೆಯಲ್ಲ ಅದೇ ಧೈರ್ಯ. ಏನಮ್ಮ ಬಂದೆ ಅಂತ ಕೇಳಿದ್ರೆ ಬೇಡ್ಕೊಳ್ಳಲ್ಲ, ನಂಬರ್ ತೋರಿಸ್ತಾರೆ. ನನ್ನ ಚಪ್ಪಡಿಗೆ ಯಾರೂ ನಂಬರ್ ಕೊಡ್ಲಿಲ್ಲ.

ದೂರು ಕೊಡೋಕೆ ಜನಹಿತ ಆ್ಯಪ್ ಇದೆಯಲ್ಲ ಅಂತ ನೀವು ಕೇಳ್ಬೋದು. ಇದೆ, ಒಳ್ಳೇದೇ, ಹುಡುಗರು ಉಪಯೋಗಿಸ್ಲಿ. ಆದ್ರೆ ನಮ್ಮಮ್ಮನಂಥೋರಿಗೆ, ಜನತಾ ಕಾಲೋನಿಯಿಂದ ಮನೆಕೆಲಸಕ್ಕೆ ಬರೋ ಹೆಂಗಸರಿಗೆ ಆ್ಯಪ್ ಅಲ್ಲ, ಮುಖ ಬೇಕು, ಕುರ್ಚಿ ಬೇಕು, ಬರ್ಕೊಳ್ಳೋ ಕೈ ಬೇಕು. ಕಾಲೋನಿ ಹೆಂಗಸೊಬ್ಬರು ರೇಷನ್ ಕಾರ್ಡ್ ಜೆರಾಕ್ಸ್‌ಗೆ ಬಂದಾಗ ಕೇಳ್ದೆ, ನಿಮ್ಮ ಕಡೆ ಲೈಟು ಹೋದ್ರೆ ಯಾರಿಗೆ ಹೇಳ್ತೀರ ಅಂತ. ನಾವು ಯಾರಿಗೆ ಹೇಳಾಣ ಹೇಳಣ್ಣ, ಎಲೆಕ್ಷನ್ನಲ್ಲಿ ಹೇಳ್ತೀವಿ ಅಂದ್ರು. ನನಗೆ ಮೆಂಬರ್ ನಂಬರ್ ಗೊತ್ತು, ಹೆಲ್ತ್ ಇನ್‌ಸ್ಪೆಕ್ಟರ್ ಗೊತ್ತು, ನೀವು ಗೊತ್ತು, ಆದ್ರೂ ನಮ್ಮನೆ ಮುಂದೆ ಹಿಂಗಾಯ್ತು. ಯಾರೂ ಗೊತ್ತಿಲ್ದೇ ಇರೋರ ಬೀದೀಲಿ ಏನಾಗ್ತಿರ್ಬೋದು ಅಂತ ಆಮೇಲೆ ನಾನೇ ಒಂದಿನ ಸಾಯಂಕಾಲ ಕಾಲೋನಿಗೆ ಹೋಗಿ ನೋಡ್ದೆ. ಅಲ್ಲಿ ಚರಂಡಿಗೆ ಚಪ್ಪಡಿನೇ ಹಾಕಿಲ್ಲ ಅಕ್ಕಾ, ಮನೆಗೊಂದು ಮರದ ಹಲಗೆ ಇಟ್ಕೊಂಡು ದಾಟ್ತಾರೆ, ಮಕ್ಕಳು ಅದರ ಮೇಲೇ ಓಡಾಡ್ತಾವೆ.

ಮೊದಲು ಹಿಂಗಿರ್ಲಿಲ್ಲ ಅಂತ ನಾನು ಹೇಳಲ್ಲ, ಆದ್ರೆ ಒಂದು ವ್ಯತ್ಯಾಸ ಇತ್ತು. ನಮ್ಮೂರು ಗ್ರಾಮ ಪಂಚಾಯ್ತಿ ಆಗಿದ್ದಾಗ ಗ್ರಾಮಸಭೆ ಇತ್ತು, ಅದಕ್ಕೂ ಕೆಳಗೆ ವಾರ್ಡ್ ಸಭೆ ಇತ್ತು. 1993ರ ಪಂಚಾಯತ್ ರಾಜ್ ಕಾನೂನಿನ ಪ್ರಕಾರ ಆರು ತಿಂಗಳಿಗೊಂದ್ಸಲನಾದ್ರೂ ಸೇರಿಸ್ಲೇಬೇಕಿತ್ತು. ಜಗಳ ಆಗ್ತಿತ್ತು, ಕಿರುಚಾಟ ಆಗ್ತಿತ್ತು, ಆದ್ರೆ ಜಗಲಿ ಮೇಲೆ ಕೂತು ಇದ್ಯಾಕೆ ಆಗಿಲ್ಲ ಅಂತ ಎಲ್ಲರ ಎದುರಿಗೆ ಕೇಳ್ಬೋದಿತ್ತು, ಪಿಡಿಒ ಉತ್ತರ ಕೊಡ್ಬೇಕಿತ್ತು. ಜನಸಂಖ್ಯೆ 10,000 ದಾಟ್ತು, ಪಟ್ಟಣ ಪಂಚಾಯ್ತಿ ಆದ್ವಿ, ಪಟಾಕಿ ಹೊಡೆದ್ವಿ. ಕೂಲಿ ಮಾಡೋರಿಗೆ ಉದ್ಯೋಗ ಖಾತ್ರಿ ಕೆಲಸ ನಿಂತೋಯ್ತು, ಗ್ರಾಮಸಭೆನೂ ಹೋಯ್ತು. ಊರು ಅಂತಾನೂ ಇಲ್ಲ, ಸಿಟಿ ಅಂತಾನೂ ಇಲ್ಲ. ಸಂವಿಧಾನದ 74ನೇ ತಿದ್ದುಪಡೀಲಿ ವಾರ್ಡ್ ಸಮಿತಿ ಮಾಡ್ಲೇಬೇಕು ಅಂತಿರೋದು ಮೂರು ಲಕ್ಷ ಜನಸಂಖ್ಯೆ ಮೇಲಿನ ಊರುಗಳಿಗೆ. ನಾವು ಮಧ್ಯದಲ್ಲಿ ಸಿಕ್ಕಾಕೊಂಡಿದೀವಿ, ಕೂತು ಕೇಳೋಕೆ ಒಂದು ಜಾಗ ಇಲ್ಲ. ಅದರ ಮೇಲೆ ಅಧ್ಯಕ್ಷರ ಕುರ್ಚಿ ಯಾವ ವರ್ಗದೋರಿಗೆ ಅನ್ನೋ ಮೀಸಲಾತಿ ಗಲಾಟೆ ಬೇರೆ. ಈ ರಾಜ್ಯದಲ್ಲಿ 2018ರಲ್ಲಿ ಎಲೆಕ್ಷನ್ ಆದ ಎಷ್ಟೋ ಊರಲ್ಲಿ ಅಧ್ಯಕ್ಷರು ಬಂದಿದ್ದು 2020ರ ಕೊನೇಲಿ, ಅಲ್ಲೀವರ್ಗೂ ಗೆದ್ದ ಮೆಂಬರ್‌ಗಳು ಅಧಿಕಾರ ಇಲ್ದೆ ಕೂತಿದ್ರು, ಆಡಳಿತಾಧಿಕಾರಿ ಕೈಲಿ ಎಲ್ಲ ನಡೀತಿತ್ತು. ಅಂಥಾ ಕಾಲದಲ್ಲಿ ಜನ ಯಾರ ಹತ್ರ ಹೋಗ್ಬೇಕು? ಈಗ ನೀವು ಕುರ್ಚಿಲಿ ಇದೀರ. ನಿಮ್ಮದೂ ಎರಡೂವರೆ ವರ್ಷ, ಅದ್ರಲ್ಲಿ ಎಷ್ಟು ಉಳಿದಿದೆ ಅಂತ ನಿಮಗೇ ಚೆನ್ನಾಗಿ ಗೊತ್ತು.

ದುಡ್ಡಿಲ್ಲ ಅನ್ನೋ ಮಾತು ಬರುತ್ತೆ ಅಂತ ಗೊತ್ತು, ಅದೂ ಸುಳ್ಳಲ್ಲ. ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದ್ರೆ ನೂರಕ್ಕೆ 5 ರಿಯಾಯ್ತಿ ಇದ್ರೂ ನಮ್ಮ ಬೀದೀಲೇ ಅರ್ಧ ಜನ ಕಟ್ಟಲ್ಲ, ಜುಲೈಯಿಂದ ತಿಂಗಳಿಗೆ ನೂರಕ್ಕೆ 2 ದಂಡ ಬೀಳೋದು ಗೊತ್ತಿದ್ರೂ ಕಟ್ಟಲ್ಲ. ಅದು ನಮ್ಮ ಕಡೆ ತಪ್ಪು, ಒಪ್ಕೋತೀನಿ. ಆದ್ರೆ ನಾನು ಕೇಳ್ತಿರೋದಕ್ಕೆ ದುಡ್ಡು ಬೇಕಾಗಿಲ್ಲ. ಚರಂಡಿ ವಿಷಯಕ್ಕೆ ಬಂದ್ರೆ ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 26ರ ವರ್ಗೂ ನಮ್ಮಂಥ ಊರುಗಳಿಗೆ ಇಟ್ಟ ದುಡ್ಡಲ್ಲಿ ನೂರಕ್ಕೆ 60 ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿತ್ತು. ಅದ್ರಲ್ಲಿ ನಮ್ಮೂರಲ್ಲಿ ಏನೇನು ಕೆಲಸ ಆಯ್ತು, ಯಾವ ಬೀದೀಲಿ ಆಯ್ತು ಅಂತ ನೋಟಿಸ್ ಬೋರ್ಡಿಗೆ ಹಾಕ್ಸಿದ್ರೆ ಸಾಕು, ಕಂದಾಯ ಕಟ್ಟೋರ ಸಂಖ್ಯೆ ತಾನಾಗೇ ಏರುತ್ತೆ ಅಂತ ನನ್ನ ನಂಬಿಕೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಕೇಳ್ಬೋದು, ಆದ್ರೆ ನಮ್ಮೂರಲ್ಲಿ ಆರ್‌ಟಿಐ ಹಾಕೋದು ಅಂದ್ರೆ ಜಗಳ ತೆಗೆದಂಗೆ, ನಂಗೆ ಜಗಳ ಬೇಡ.

ನಂಗೆ ಬೇಕಾಗಿರೋದು ಏನು ಅಂತ ಹೇಳೋಕೆ ನಮ್ಮ ನೀರಗಂಟಿ ಒಬ್ಬರ ವಿಷಯ ಹೇಳ್ಬೇಕು. ಹೆಸರು ಬರೆಯಲ್ಲ, ನಿಮಗೆ ಗೊತ್ತಾಗುತ್ತೆ. ಅವರ ಸೈಕಲ್ಲಿಗೆ ವಾಲ್ ತಿರುಗ್ಸೋ ಉದ್ದ ಕಬ್ಬಿಣದ ಕೀ ಕಟ್ಟಿರುತ್ತೆ, ಅಂಗಿ ಜೇಬಲ್ಲಿ ಒಂದು ಚಿಕ್ಕ ನೋಟ್‌ಬುಕ್ಕು, ಒದ್ದೆ ಆಗ್ಬಾರ್ದು ಅಂತ ಹಾಲಿನ ಕವರಲ್ಲಿ ಸುತ್ತಿರ್ತಾರೆ. ಯಾವ ಬೀದಿಗೆ ಯಾವತ್ತು ಎಷ್ಟು ಗಂಟೆಗೆ ನೀರು ಬಿಟ್ಟೆ, ಯಾವತ್ತು ಮೋಟ್ರು ಸುಟ್ಟೋಗಿತ್ತು, ಯಾವತ್ತು ಕರೆಂಟ್ ಇರ್ಲಿಲ್ಲ, ಎಲ್ಲ ಬರೆದಿರ್ತಾರೆ. ಬೇಸಿಗೇಲಿ ನಮಗೆ ಆರು ದಿನಕ್ಕೊಂದ್ಸಲ ನೀರು ಬಂದಾಗ ಒಬ್ಬರು ಅವರ ಸೈಕಲ್ ಹಿಡಿದು ನಿಲ್ಲಿಸಿ ಮೇಲಿನ ಬೀದಿಗೆ ಎರಡು ಸಲ ಬಿಟ್ಟಿದೀಯ ಅಂತ ಕೂಗಾಡಿದ್ರು, ಇವರು ಒಂದು ಮಾತೂ ಆಡ್ದೆ ಕವರ್ ಬಿಚ್ಚಿ ಆ ಪುಟ ತೆಗೆದು ಕೈಗೆ ಕೊಟ್ರು. ಕೂಗಾಡ್ತಿದ್ದೋರು ಓದಿದ್ರು, ಸುಮ್ನಾದ್ರು, ನಾಡಿದ್ದು ಯಾವ ಟೈಮಿಗೆ ಬಿಡ್ತೀಯಪ್ಪ ಅಂತ ಕೇಳ್ಕೊಂಡು ಕೊಡ ಎತ್ಕೊಂಡು ಒಳಗೆ ಹೋದ್ರು. ನೀರು ಜಾಸ್ತಿ ಏನೂ ಬರ್ಲಿಲ್ಲ ಅಕ್ಕಾ. ಬರೆದಿಟ್ಟಿದ್ದು ಕಣ್ಣಿಗೆ ಕಾಣ್ತು, ಅಷ್ಟೇ.

ಅಂಥಾ ಒಂದು ಬುಕ್ಕು ಆಫೀಸ್ ಬಾಗಿಲಲ್ಲಿ ಇಡ್ಸಿ. ಬೀರು ಒಳಗೆ ಬೇಡ, ಹೊರಗೆ ಟೇಬಲ್ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ, ಯಾರು ಬೇಕಾದ್ರೂ ತಿರುವಿ ನೋಡೋ ಹಂಗೆ. ಬರೆಯೋಕೆ ಬರ್ದೇ ಇರೋರಿಗೆ ಬರ್ಕೊಡೋಕೆ ಬೆಳಿಗ್ಗೆ ಹೊತ್ತು ಒಬ್ಬರು ಕೂರ್ಲಿ. ಯಾವ ಬೀದಿ, ಏನು ತೊಂದ್ರೆ, ಯಾವತ್ತು ಹೇಳಿದ್ದು, ಯಾರಿಗೆ ಒಪ್ಪಿಸಿದ್ದು, ಏನಾಯ್ತು. ನಂಬರ್ ಬರೆದು ಒಂದು ಚೀಟಿ ಕೈಗೆ ಕೊಡ್ಲಿ. ಆಗಲ್ಲ ಅಂದ್ರೆ ಆಗಲ್ಲ, ಟ್ರ್ಯಾಕ್ಟರ್ ರಿಪೇರಿಗೆ ಹೋಗಿದೆ ಅಂತಾನೇ ಬರೀರಿ, ಬೇಜಾರಿಲ್ಲ. ಟ್ರ್ಯಾಕ್ಟರ್ ಬರಲ್ಲ ಅಂತ ಗೊತ್ತಾಗಿದ್ರೆ ನಾವೇ ಬೀದಿಯೋರು ಸೇರಿ ಚಪ್ಪಡಿ ಮುಚ್ಕೋತಿದ್ವಿ, ಅಮ್ಮ ಬೀಳ್ತಿರ್ಲಿಲ್ಲ. ಬರುತ್ತೆ ಬರುತ್ತೆ ಅಂತ ಕಾದಿದ್ದೇ ನಮಗೆ ಮುಳುವಾಯ್ತು.

ಆಮೇಲೆ ಮೂರು ತಿಂಗಳಿಗೊಂದ್ಸಲ ಆ ಬುಕ್ ಎತ್ಕೊಂಡು ಒಂದೊಂದು ವಾರ್ಡಿಗೆ ಬನ್ನಿ, ಮುಖ್ಯಾಧಿಕಾರಿಗಳನ್ನೂ ಇಂಜಿನಿಯರನ್ನೂ ಕರ್ಕೊಂಡು ಬನ್ನಿ. ಕಾನೂನು ಕಡ್ಡಾಯ ಮಾಡಿಲ್ಲ ಅಂದ್ಮಾತ್ರಕ್ಕೆ ಮಾಡ್ಬಾರ್ದು ಅಂತೇನಿಲ್ವಲ್ಲ. ಶಾಮಿಯಾನ, ಮೈಕು, ಹಾರ ಏನೂ ಬೇಡ. ಮೊದಲನೇ ಸಭೆ ಜನತಾ ಕಾಲೋನೀಲೇ ಇಡಿ, ನಮ್ಮ ಬೀದಿದು ಆಮೇಲೆ ಆಗ್ಲಿ. ಹೆಂಗಸರು ಕೆಲಸ ಮುಗಿಸಿ ಬರೋದು ಸಾಯಂಕಾಲ ಆರಕ್ಕೆ, ಅದಕ್ಕೆ ಆರೂವರೆ ಮೇಲೆ ಇಟ್ರೆ ಬರ್ತಾರೆ, ಹಗಲು ಹನ್ನೊಂದಕ್ಕೆ ಇಟ್ರೆ ನಮ್ಮಂಥ ನಾಲ್ಕು ಜನ ಗಂಡಸರೇ ಕೂತು ಮಾತಾಡಿ ಎದ್ದು ಬರ್ತೀವಿ.

ಬುಕ್ಕಿನ ಖರ್ಚು ನಂದು. 200 ಪುಟದ ರಟ್ಟಿನ ರಿಜಿಸ್ಟರ್ ಒಂದು ಅಂಗಡೀಲಿ ತೆಗೆದಿಟ್ಟಿದೀನಿ, ಪ್ರತಿ ಪುಟಕ್ಕೂ ಗೆರೆ ಹೊಡೆದು ನಂಬರ್ ಹಾಕಿದೀನಿ, ಮಧ್ಯದಲ್ಲಿ ಹಾಳೆ ಹೋದ್ರೆ ಗೊತ್ತಾಗ್ಲಿ ಅಂತ. ಒಂದನೇ ನಂಬರಿಗೆ ಮೂರನೇ ಕಂಬದ ಲೈಟು ಅಂತ ಅಮ್ಮ ಹೇಳಿ ಬರೆಸಿದಾರೆ, ಅದು ಇನ್ನೂ ಉರೀತಿಲ್ಲ. ಎರಡನೇ ನಂಬರು ಕಾಲೋನಿ ಚಪ್ಪಡಿಗೆ ಖಾಲಿ ಬಿಟ್ಟಿದೀನಿ, ಅದನ್ನ ಅಲ್ಲಿಯೋರೇ ಬಂದು ಬರೆಸ್ಲಿ. ನೀವು ಹ್ಞೂಂ ಅಂದ ದಿನ ತಂದ್ಕೊಡ್ತೀನಿ, ಆದ್ರೆ ಮೊದಲ ಪುಟಕ್ಕೆ ಆಫೀಸಿನ ಸೀಲು ಹಾಕ್ಸಿ ನಿಮ್ಮ ಸೈನು ಮಾಡಿ ಅಕ್ಕಾ.

ಇಂತಿ,
ನಿಮ್ಮ ಆಫೀಸ್ ಎದುರಿನ ಜೆರಾಕ್ಸ್ ಅಂಗಡಿಯವನು