ಕೈ ಎತ್ತಿದ್ದು ಯಾರು ಅಂತ ಕೇಳಿದ್ದೀಯಲ್ಲ

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ಕಾಗದದಲ್ಲಿ ಉಳಿದದ್ದೆಲ್ಲ ಸರಿ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ನಾನು ತೀರ್ಮಾನ ಮಾಡೋ ಮೊದಲೇ ಮಿದುಳು ಶುರು ಮಾಡಿರುತ್ತೆ, ಹಾಗಾದ್ರೆ ನಾನು ಯಾತಕ್ಕೆ?" ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ನರವಿಜ್ಞಾನಿ ಲಿಬೆಟ್ 1983ರಲ್ಲಿ ಪ್ರಕಟಿಸಿದ, ಮನಸ್ಸಾದಾಗ ಕೈ ಆಡಿಸಲು ಹೇಳಿ ಮಿದುಳನ್ನು ಅಳೆದ ಆ ಪ್ರಯೋಗ ನಾನೂ ಪಾಠ ಮಾಡಿದವನೇ. ಕೈ ಆಡಿಸಬೇಕು ಅಂತ ಅನ್ನಿಸುವುದು ಕೈ ಆಡುವ ಸುಮಾರು 200 ಮಿಲಿಸೆಕೆಂಡ್ ಮುಂಚೆ, ಮಿದುಳಿನ ಸಿದ್ಧತೆ ಕಾಣುವುದು ಅರ್ಧ ಸೆಕೆಂಡಿಗೂ ಮುಂಚೆ. ಇಷ್ಟು ಹೇಳಿ, ಹುಡುಗರು ಬೆಚ್ಚುವುದನ್ನು ನೋಡಿ, ಗಂಟೆ ಹೊಡೆದ ಕೂಡಲೇ ಎದ್ದು ಬರುತ್ತಿದ್ದೆ. ಆ ಭಯ ಹೊತ್ತುಕೊಂಡು ಎಷ್ಟು ಮಕ್ಕಳು ಮನೆಗೆ ಹೋದರೋ.

ಜಪಾನಿನ ನರವಿಜ್ಞಾನಿಗಳಾದ ತಂಜಿ ಮತ್ತು ಶಿಮಾ ಪ್ರಯೋಗಕ್ಕೆ ಬಳಸಿದ ಕೋತಿಗಳ ಬಗ್ಗೆಯೂ ಹೇಳಬೇಕಿತ್ತು. ಹಿಡಿಕೆಯನ್ನು ತಳ್ಳಬೇಕು, ಎಳೆಯಬೇಕು, ತಿರುಗಿಸಬೇಕು, ಅದೂ ನೆನಪಿಟ್ಟುಕೊಂಡ ಕ್ರಮದಲ್ಲಿ. ಮಿದುಳಿನ ಮೇಲ್ಭಾಗದ ನಡುವೆ, ಕೈಕಾಲು ಆಡಿಸುವ ಪಟ್ಟಿಗೆ ಸ್ವಲ್ಪ ಮುಂದೆ, ಕೆಲವು ನರಕೋಶಗಳು ಒಂದೇ ಒಂದು ಕ್ರಮಕ್ಕೆ ಮಾತ್ರ ಮಿಡಿಯುತ್ತಿದ್ದವು. ಕೈ ಇನ್ನೂ ಅಲುಗಿರುವುದಿಲ್ಲ! ಆ ಜಾಗವನ್ನು ಔಷಧಿ ಹಾಕಿ ಸ್ವಲ್ಪ ಹೊತ್ತು ಮಂಕು ಮಾಡಿದರೆ, ಮುಂದೇನು ಮಾಡಬೇಕು ಅಂತ ಬಣ್ಣದ ದೀಪ ತೋರಿಸಿದಾಗ ಕೋತಿ ಸರಿಯಾಗೇ ಮಾಡುತ್ತದೆ, ನೆನಪಿನಿಂದ ಮಾಡು ಅಂದರೆ ಸಾಲು ತಪ್ಪುತ್ತದೆ. ನಿನ್ನ ದೊಡ್ಡಮ್ಮ ರಂಗೋಲಿ ಹಾಕುವಾಗ ಮುಂದಿನ ಎಳೆ ಯಾವ ಕಡೆಗೆ ಅಂತ ಕೇಳಿ ನೋಡು, ಬೆರಳು ಅಲ್ಲೇ ನಿಂತು ಪುಡಿ ಗುಡ್ಡೆಯಾಗುತ್ತದೆ. ಹಾಗಂತ ಆ ರಂಗೋಲಿ ಅವಳದಲ್ಲ ಅನ್ನೋಕಾಗುತ್ತದಾ? ಅರಿವಿಗೆ ಬರೋ ಮುಂಚೆ ತಯಾರಾಗುತ್ತಿದ್ದದ್ದೂ ನೀನೇ ಅಲ್ವಾ?

ನನ್ನ ಸಮಾಧಾನ ನಿನಗೆ ಸಾಲದೇನೋ. ನನಗೂ ಸಾಲದು, ಯಾಕೆ ಅಂದರೆ ನಾನು ಇದೇ ಮಾತನ್ನು ತಿರುಗಿಸಿ ಬಳಸಿದವನು. ನಿಮ್ಮಣ್ಣನಿಗೆ ನಾನು ಹೊಡೆದ ಕಥೆ ಮನೆಯವರಿಗೆಲ್ಲ ಗೊತ್ತು. "ಕೈ ತಾನಾಗೇ ಎದ್ದುಬಿಡ್ತು" ಅಂತ ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಒಂದು ವಿಷಯ ಯಾರಿಗೂ ಹೇಳಿಲ್ಲ ಪುಟ್ಟಿ. ಹೊಡೆಯುವ ಮುಂಚೆ ಅವನ ಕನ್ನಡಕ ತೆಗೆದು, ಕಡ್ಡಿ ಮಡಿಚಿ, ಮೇಜಿನ ಮೇಲೆ ಇಟ್ಟಿದ್ದೆ. ಆಮೇಲೆ ಹೊಡೆದೆ.

ನಿನ್ನ ಭಯ "ನಾನು ಇಲ್ಲವೇನೋ" ಅಂತ. ನನ್ನ ಭಯ, ಅವತ್ತು ನಾನು ಪೂರ್ತಿ ಇದ್ದೆ ಅನ್ನೋದು.

ರಾತ್ರಿ ಎರಡರವರೆಗೆ ಲ್ಯಾಬಿನಲ್ಲಿ ಕೂತು ಇದನ್ನೆಲ್ಲ ಓದಬೇಡ. ಊಟ ಬಿಡಬೇಡ. ದೊಡ್ಡ ಉಪದೇಶ ಅಂದುಕೊಳ್ಳಬೇಡ, ಸುಮ್ನೆ ಬರೆದೆ.

ಕನ್ನಡಕದ ವಿಷಯ ಅವನಿಗೆ ನೆನಪಿದೆಯೋ ಇಲ್ಲವೋ, ಕೇಳಿಲ್ಲ. ದೀಪಾವಳಿಗೆ ಬರುತ್ತಾನೆ.

ನಿನ್ನ ದೊಡ್ಡಪ್ಪ