ಭಾನುವಾರ ಕೇಳುವ ಆಲ್ಬಂ

ಗೆಳೆಯರೇ, ಈ ಭಾನುವಾರ ಸಂಜೆ 6ಕ್ಕೆ ‘ಬ್ಲೂ ನೋಟ್ಸ್ ಫಾರ್ ಮೊಂಗೆಜಿ’ ಕೇಳೋಣ. ಫ್ರೀ ಜಾಜ್ (ಮೊದಲೇ ಗೊತ್ತುಮಾಡಿದ ಚೌಕಟ್ಟಿಲ್ಲದೆ, ಆ ಕ್ಷಣಕ್ಕೆ ಹೊಳೆದಂತೆ ನುಡಿಸುವ ಜಾಜ್) ಅಂದ ತಕ್ಷಣ ಓಡಬೇಡಿ!

ಬ್ಲೂ ನೋಟ್ಸ್ ದಕ್ಷಿಣ ಆಫ್ರಿಕಾದ ತಂಡ. ಪಿಯಾನೊದ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯ, ಉಳಿದವರು ಕರಿಯರು. ವರ್ಣಭೇದದ ಕಾಲದಲ್ಲಿ ಒಂದೇ ವೇದಿಕೆ ಮೇಲೆ ಕೂತು ನುಡಿಸುವುದೇ ಕಷ್ಟವಾಗಿತ್ತು. 1964ರಲ್ಲಿ ಫ್ರಾನ್ಸಿನ ಆಂಟೀಬ್ ಜಾಜ್ ಉತ್ಸವಕ್ಕೆಂದು ದೇಶ ಬಿಟ್ಟರು. ಆಮೇಲೆ ಲಂಡನ್ನೇ ನೆಲೆಯಾಯಿತು.

1975ರ ಡಿಸೆಂಬರಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಮೊಂಗೆಜಿ ಫೆಜಾ ಲಂಡನ್ನಿನಲ್ಲಿ ತೀರಿಕೊಂಡರು. ಬರೀ 30 ವರ್ಷ. ಕೆಲವೇ ದಿನಗಳಲ್ಲಿ ಉಳಿದ ನಾಲ್ವರು ಲಂಡನ್ನಿನ ಒಂದು ತಾಲೀಮು ಕೋಣೆಯಲ್ಲಿ ಸೇರಿದರು. ಮಾತಿಲ್ಲ, ತಾಲೀಮಿಲ್ಲ, ಸುಮ್ನೆ ನುಡಿಸಿದರು. ಡುಡು ಪುಕ್ವಾನಾರ ಸ್ಯಾಕ್ಸೊಫೋನ್ ಅಳುತ್ತದೆ, ಬೈಯುತ್ತದೆ. ಬೇಸ್ ನುಡಿಸುವ ಜಾನಿ ಡ್ಯಾನಿ ನಡುನಡುವೆ ಹಾಡುತ್ತಾರೆ, ಕೂಗುತ್ತಾರೆ. ಘೋಷಣೆ ಕೂಗುವ ರಾಜಕೀಯ ಇದರಲ್ಲಿಲ್ಲ. ಆದರೆ ಗೆಳೆಯನನ್ನು ಪರದೇಶದಲ್ಲಿ ಕಳೆದುಕೊಂಡ ಸಿಟ್ಟು ರಾಜಕೀಯವೇ ಅಲ್ವಾ? ನನಗಂತೂ ಹಾಗನ್ನಿಸುತ್ತೆ.

ಈ ನಾಲ್ವರಲ್ಲಿ ಊರಿಗೆ ಮರಳಿ ನೆಲೆಸಿದ್ದು ಡ್ರಮ್ಮಿನ ಲೂಯಿಸ್ ಮೊಹೊಲೊ ಒಬ್ಬರೇ, 2005ರಲ್ಲಿ.

ಮೊದಲ ಹತ್ತು ನಿಮಿಷ ಗದ್ದಲ ಜಾಸ್ತಿ ಅನ್ನಿಸಬಹುದು. ಸ್ವಲ್ಪ ತಡೆದುಕೊಳ್ಳಿ. ಫೋನ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.